ಹೆದರಿಕೆ ಮರೆತ ಮೀನುಗಳು

ಆ ಕೊಳದ ಮೀನುಗಳಿಗೆ ಹೆದರಿಕೆ ಎಂಬುದೇ ಇರಲಿಲ್ಲ.

ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಬಂದು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕೈಯನ್ನು ನೀರಿಗೆ ಇಳಿಸಿದರೆ ಸಾಕು, ಬೆರಳ ಸಂದಿಗೆ ಬಂದು ನಿಲ್ಲುತ್ತಿದ್ದವು. ಹೊಟ್ಟೆಯ ಕೆಳಗೆ ಅಂಗೈ ಹಿಡಿದರೆ ಅಂಗೈ ಮೇಲೆ ಭಾರ ಬಿಡುತ್ತಿದ್ದವು, ತೊಟ್ಟಿಲಿಗೆ ಹಾಕಿದ ಕೂಸಿನ ಹಾಗೆ. ನೀರಿನ ಮೇಲೆ ನೆರಳು ಬಿದ್ದರೆ ಜಗತ್ತಿನ ಮೀನೆಲ್ಲ ದಿಕ್ಕಾಪಾಲಾಗಿ ಓಡುತ್ತವೆ. ಇವು ನೆರಳಿನ ಕೆಳಗೆ ಬಂದು ಮೇಲೆ ನೋಡುತ್ತಿದ್ದವು, ಯಾರಪ್ಪಾ ಬಂದಿದ್ದು ಅಂತ ವಿಚಾರಿಸುವ ಹಾಗೆ.

ಕೊಳ ಇದ್ದದ್ದು ವಯಸ್ಸಾದವರ ನರ್ಸಿಂಗ್ ಹೋಮಿನ ಹಿತ್ತಲಿನಲ್ಲಿ. ಕಲ್ಲು ಕಟ್ಟಿದ ಹಳೇ ಕೊಳ, ಸೊಂಟಮಟ್ಟದ ನೀರು, ಸುತ್ತ ಗಾಲಿಕುರ್ಚಿ ಓಡಾಡುವಷ್ಟು ಸಿಮೆಂಟಿನ ದಾರಿ. ಒಳಗಿನ ಹಾಸಿಗೆಗಳಲ್ಲಿ ನೋವು, ಕೆಮ್ಮು, ಮರೆವು. ಹೊರಗೆ ಬಂದರೆ ಈ ಪವಾಡ. ಭೇಟಿಗೆ ಬಂದ ಮಕ್ಕಳು ಮೊಮ್ಮಕ್ಕಳು ಅಪ್ಪನನ್ನು ಮಾತಾಡಿಸುವುದಕ್ಕಿಂತ ಹೆಚ್ಚು ಹೊತ್ತು ಮೀನಿನ ಮುಂದೆ ಕೂರುತ್ತಿದ್ದರು.

ಪಟಾಕಿ ಮಾತ್ರ ಮೊದಲ ಸಲ ಅವನ್ನು ಕಂಡಾಗ ನಗಲೂ ಇಲ್ಲ, ಮಾತೂ ಆಡಲಿಲ್ಲ. ಅವನ ಬಾಯಿ ಕಟ್ಟಿದ್ದನ್ನು ಜನ ನೋಡಿದ್ದು ಅವತ್ತೇ ಮೊದಲು. ಕೆಲಸ ಪ್ಲಂಬಿಂಗು, ಹೆಸರು ಪಟಾಕಿ. ಇನ್ನೊಂದು ಹೆಸರು ಇದ್ದಿರಬೇಕು, ಆದರೆ ಬಳಸುವವರಿರಲಿಲ್ಲ. ಅವನಿಗೆ ತೊಟ್ಟಿಕ್ಕುವ ನಲ್ಲಿಯ ಮೇಲೆ ಸಿಟ್ಟು, ಎರಡೇ ದಿನಕ್ಕೆ ಹರಿಯುವ ವಾಷರ್ ಮಾರುವವನ ಮೇಲೆ ಸಿಟ್ಟು, ಅರ್ಧಕ್ಕೆ ಬಿಟ್ಟ ಶಾಲೆಯ ಗೇಟಿನ ಮೇಲೂ ಸಿಟ್ಟು. ಎಲ್ಲಕ್ಕಿಂತ ದೊಡ್ಡ ಸಿಟ್ಟು ಈ ನರ್ಸಿಂಗ್ ಹೋಮಿನ ಮೇಲೆ. ಯಾಕೆಂದರೆ ಅವನ ಅಜ್ಜಿ ಅದರೊಳಗಿದ್ದಳು.

ಅಪ್ಪ ಅಮ್ಮ ಇಲ್ಲದವನನ್ನು ಹೊಲಿಗೆ ಮಷಿನ್ ತುಳಿದು ಸಾಕಿದ ಅಜ್ಜಿ. ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಅವರ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಒಂದೇ ಕೋಣೆ, ಗಾಲಿಕುರ್ಚಿ ಹತ್ತಲಾಗದ ಇಕ್ಕಟ್ಟು ಮೆಟ್ಟಿಲು. "ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ. ಮಧ್ಯೆ ಅಮ್ಮಂಗೆ ಒಂದು ಲೋಟ ನೀರು ಕೊಡೋರು ಯಾರೋ?" ಅಂದಿದ್ದಳು ಅವನ ಸೋದರತ್ತೆ. ಉತ್ತರವಿಲ್ಲದ ಪ್ರಶ್ನೆಯಷ್ಟು ಸಿಟ್ಟು ಬರಿಸುವುದು ಯಾವುದಿದೆ?

ಇಲ್ಲಿಗೆ ಬಂದ ಮೇಲೆ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಚಮಚ ಹತ್ತಿರ ತಂದರೆ, "ಬಾಯಿ ಹೊಲಿದಾಗಿದೆ, ದಾರಾನೂ ಕತ್ತರಿಸಿದೀನಿ, ಹೋಗು" ಅನ್ನುತ್ತಿದ್ದಳು. ಕೆನ್ನೆ ಒಳಗೆ ಹೋಯಿತು. ಕೈಯ ಮೂಳೆ ಎದ್ದು ಕಂಡಿತು. ಡಾಕ್ಟರು ಕೈ ಚೆಲ್ಲಿ ಕೂತರು. ಹೀಗಿರುವಾಗ ಒಂದು ದಿನ ಆಯಾ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೊಳದ ಹತ್ತಿರ ತಳ್ಳಿಕೊಂಡು ಹೋದಳು. ಅಜ್ಜಿ ಸುಮ್ಮನೆ ಕೈ ಇಳಿಬಿಟ್ಟಳು. ಬಾಯಿಯ ಪಕ್ಕ ಬಿಳೀ ಚುಕ್ಕೆಯಿದ್ದ ಒಂದು ದಪ್ಪ ಮೀನು ಬಂದು ಅವಳ ತೋರುಬೆರಳಿನ ತುದಿಯನ್ನು, ಸೂಜಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದ ಆ ತುದಿಯನ್ನು, ಮೆತ್ತಗೆ ಬಾಯಲ್ಲಿ ಹಿಡಿಯಿತು.

"ಅಯ್ಯೋ ನಿನ್ನ" ಅಂದಳು ಅಜ್ಜಿ. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ನಗು. ಆ ಮೀನಿಗೆ ಗುಂಡಿ ಅಂತ ಹೆಸರಿಟ್ಟಳು, ಚುಕ್ಕೆ ಅಂಗಿಯ ಗುಂಡಿಯ ಹಾಗಿತ್ತು ಅಂತ. ಅವತ್ತಿನಿಂದ ಒಪ್ಪಂದವಾಯಿತು: ಬ್ರೆಡ್ಡಿನ ಚೂರು ಮೊದಲು ಗುಂಡಿಗೆ, ಆಮೇಲೆ ಅವಳ ಗಂಜಿ. ಮೀನು ಬಂದ ದಿನ ಬಟ್ಟಲು ಖಾಲಿ. ಮಳೆಗೆ ಹೊರಗೆ ಕರೆದುಕೊಂಡು ಹೋಗದ ದಿನ ಬಟ್ಟಲು ಹಾಗೇ ವಾಪಸು. ಪಟಾಕಿಗೆ ಇದಿಷ್ಟೇ ಗೊತ್ತಿದ್ದದ್ದು, ಇದಿಷ್ಟೇ ಬೇಕಾಗಿದ್ದದ್ದು. ಆ ಮೀನು ಇರುವ ತನಕ ಅಜ್ಜಿ ಇರುತ್ತಾಳೆ.

ಔಷಧಿ ಕೋಣೆಯ ಬೇಸಿನ್ ಕಟ್ಟಿಕೊಂಡಿದೆ ಅಂತ ಅವನನ್ನು ಕರೆಸಿದ್ದು ಆಮೇಲೆ.

ಔಷಧಿ ಕೋಣೆ ಅಂದರೆ ದೊಡ್ಡ ಸಿಸ್ಟರ್ ಅವರ ಕೋಟೆ. ಕಬ್ಬಿಣದ ಬೀರು, ಅದರೊಳಗೆ ಇನ್ನೊಂದು ಬೀಗದ ಪೆಟ್ಟಿಗೆ, ಅದರಲ್ಲಿ ನೋವಿನ ಮದ್ದು. ಪಕ್ಕದಲ್ಲಿ ಚಿಕ್ಕ ಫ್ರಿಜ್ಜು, ಒಳಗೆ ಇನ್ಸುಲಿನ್ನು, ಕಣ್ಣಿನ ಹನಿ, ಒಂದು ಥರ್ಮಾಮೀಟರು. ಹಾಸಿಗೆಗೊಂದರಂತೆ ಮಾತ್ರೆಯ ಟ್ರೇ. ಕೀಲಿಕೈ ಸಿಸ್ಟರ್ ಸೊಂಟದಲ್ಲಿ, ಸರಪಳಿ ಹಾಕಿ. ಸ್ನಾನಕ್ಕೆ ಹೋದರೂ ಬಿಚ್ಚುವುದಿಲ್ಲ ಅಂತ ಆಯಾಗಳು ಆಡಿಕೊಳ್ಳುತ್ತಿದ್ದರು. ಪಟಾಕಿ ಬೇಸಿನ್ ಕೆಳಗೆ ನುಗ್ಗಿದಾಗ ಅವರು ಬೀರುವಿಗೆ ಬೆನ್ನು ಕೊಟ್ಟು ಕಾವಲು ನಿಂತರು.

"ಕೈ ಈ ಕಡೆ ಬಂದ್ರೆ ಮುರಿದು ಕೈಗೆ ಕೊಡ್ತೀನಿ."

"ನಿಮ್ಮ ಮಾತ್ರೆ ತಗೊಂಡು ನಾನೇನ್ ಮಾಡ್ಲಿ ಸಿಸ್ಟರ್? ನನಗಿರೋ ಕಾಯಿಲೆ ಸಿಟ್ಟೊಂದೇ."

"ಅದಕ್ಕೂ ಇದೆ. ಒಂದು ನುಂಗಿದ್ರೆ ಸಾಕು, ಎಮ್ಮೆ ಥರ ಮೆಲುಕು ಹಾಕ್ತಾ ಕೂತಿರ್ತೀಯ."

ಅವನು ಪೈಪಿನ ಬಾಗು ಬಿಚ್ಚಿದ. ನೀರು ಬರಲಿಲ್ಲ. ಬಕೆಟ್ಟಿಗೆ ತೊಪ್ಪನೆ ಬಿದ್ದದ್ದು ಒಂದು ಮುದ್ದೆ. ಬಿಳಿ, ತಿಳಿ ಗುಲಾಬಿ, ನಡುನಡುವೆ ಹಳದಿ ಗೆರೆ. ಗಾರೆ ಕೆಲಸದವನು ಮರೆತು ಹೋದ ಸುಣ್ಣದ ಹಾಗೆ ಗಟ್ಟಿ.

"ಯಾರ್ರೀ ಇದರೊಳಗೆ ಗೋಡೆ ಕಟ್ಟಿರೋದು?"

ಸಿಸ್ಟರ್ ಬಕೆಟ್ಟಿನೊಳಗೆ ನೋಡುತ್ತಿದ್ದರು. ಆಮೇಲೆ ಬಾಗಿಲು ಅರ್ಧ ಮುಚ್ಚಿ ಹೇಳಿದರು: "ಇಲ್ಲಿ ಯಾರಾದ್ರೂ ಹೋದ್ರೆ ಅವರ ಮಾತ್ರೆ ಉಳಿಯುತ್ತಲ್ಲಪ್ಪಾ. ಡಾಕ್ಟ್ರು ಬದಲಾಯಿಸಿದ್ರೂ ಉಳಿಯುತ್ತೆ, ತಾರೀಕು ಮುಗಿದ್ರೂ ಉಳಿಯುತ್ತೆ. ಅದನ್ನೆಲ್ಲ ಕಲ್ಲಲ್ಲಿ ಅರೀತೀನಿ, ನೀರಲ್ಲಿ ಕಲಸ್ತೀನಿ, ಇಲ್ಲಿ ಸುರೀತೀನಿ."

"ಕಸಕ್ಕೆ ಹಾಕ್ಬಾರ್ದಾ?"

"ಕಸಕ್ಕಾ!" ಅವರ ದನಿ ಏರಿತು. "ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಒಬ್ಬ ಕಸದ ಬುಟ್ಟಿಯಿಂದ ನೋವಿನ ಪಟ್ಟಿ ಆರಿಸ್ಕೊಂಡು ಹೋದ. ಬಳಸಿ ಬಿಸಾಕಿದ್ದು ಕಣೋ, ಮೈಗೆ ಅಂಟಿಸ್ತಾರಲ್ಲ, ಅದು. ಬಳಸಿದ ಮೇಲೂ ಅದರಲ್ಲಿ ಬೇಕಾದಷ್ಟು ಮದ್ದು ಉಳಿದಿರುತ್ತೆ. ತನ್ನ ಮೈಗೆ ಅಂಟಿಸ್ಕೊಂಡು ಮಲಗಿದ. ಏಳಲಿಲ್ಲ. ಇನ್ನೂ ಮೀಸೆ ಬಂದಿರಲಿಲ್ಲ ಅವನಿಗೆ. ಔಷಧಿ ಅಂಗಡಿಯವ್ರು ವಾಪಸ್ ತಗೋತಾರೆ, ನನಗೂ ಗೊತ್ತು. ಆದ್ರೆ ಅವರು ಬರೋ ತನಕ ಎಲ್ಲಿಡ್ಲಿ, ಯಾರು ಕಾಯ್ತಾರೆ? ನೀರಿಗೆ ಹೋದದ್ದನ್ನ ಯಾವ ಕಳ್ಳನೂ ಹಿಂದೆ ತರಕ್ಕಾಗಲ್ಲ."

ದನಿ ಇಳಿಸಿ ಅಂದರು: "ಅಲ್ಲದೆ ಅದು ಅವರ ಮೈಗೆ ಅಂತ ಬಂದದ್ದು. ಡೈಪರ್ ಜೊತೆ ಎಸೆಯಕ್ಕೆ ನನ್ನ ಕೈಲಾಗಲ್ಲ. ಸುರಿಯೋವಾಗ ಅವರ ಹೆಸರು ಹೇಳ್ತೀನಿ. ಹೋಗಿ ಬನ್ನಿ ಅಂತೀನಿ. ನಲ್ಲಿ ತಿರುಗಿಸ್ತೀನಿ. ನಗಬೇಡ."

ಪಟಾಕಿ ನಗಲಿಲ್ಲ. ಈ ಹೆಂಗಸನ್ನು ಬಯ್ಯುವುದಕ್ಕೆಂದು ಅವನು ಕಾಯ್ದಿಟ್ಟುಕೊಂಡಿದ್ದ ಮಾತು ಒಂದೆರಡಲ್ಲ. ಅವುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕೈಯಲ್ಲಿದ್ದ ಪೈಪಿನ ತುಂಡನ್ನು ಅವನು ತನಗೇ ತಿಳಿಯದೆ ಮೆತ್ತಗೆ ಕೆಳಗಿಟ್ಟ.

ಬಾಗು ತೊಳೆದು ಕೂಡಿಸಿದ ಮೇಲೆ ನೀರು ಸರಾಗ ಇಳಿಯಿತು. ಅಷ್ಟಕ್ಕೇ ಹೊರಟಿದ್ದರೆ ಕಥೆಯೇ ಇರಲಿಲ್ಲ. ಆದರೆ ಕೆಲಸ ಕಲಿಸಿದ ಮೇಸ್ತ್ರಿ ಅವನ ತಲೆಗೆ ಹೊಡೆದು ಹೊಡೆದು ಕೂರಿಸಿದ್ದ ಪಾಠ ಒಂದಿತ್ತು: ನೀರು ಒಳಗೆ ಹೋಯಿತಾ ಅಂತಲ್ಲ, ಹೊರಗೆ ಬಂತಾ ಅಂತ ನೋಡು. ಅವನು ಹೊರಗೆ ಹೋಗಿ ಚರಂಡಿಯ ಚೇಂಬರಿನ ಮುಚ್ಚಳ ಎತ್ತಿದ. ಒಳಗೆ ನಲ್ಲಿ ಪೂರ್ತಿ ಬಿಟ್ಟಿತ್ತು. ಚೇಂಬರಿನಲ್ಲಿ ಅಡುಗೆಮನೆಯ ಸೋಪಿನ ನೀರು ಬರುತ್ತಿತ್ತು, ಬಚ್ಚಲಿನದು ಬರುತ್ತಿತ್ತು. ಔಷಧಿ ಕೋಣೆ ಕಡೆಯಿಂದ ಒಂದು ಹನಿಯೂ ಇಲ್ಲ.

ಹೋದ ನೀರು ಎಲ್ಲಿಗೆ ಹೋಯಿತು?

ಧೋಬಿ ಕೋಣೆಯಿಂದ ಬಿಳೀ ಬಟ್ಟೆಗೆ ಹಾಕುವ ನೀಲಿ ತಂದ. ಇನ್ನೊಂದು ಬಕೆಟ್ಟಿನಲ್ಲಿ ಕದಡಿ, "ನಾನು ಕೂಗಿದಾಗ ಸುರೀರಿ ಸಿಸ್ಟರ್" ಅಂತ ಹೇಳಿ, ಚೇಂಬರಿನ ಬಾಯಿಗೆ ಮುಖ ಕೊಟ್ಟು ಬೋರಲು ಮಲಗಿದ. ಕೂಗಿದ. ಒಳಗೆ ಸುರಿದ ಸದ್ದು ಕೇಳಿಸಿತು. ಕಣ್ಣು ಮಿಟುಕಿಸದೆ ಕಾದ. ನೀಲಿ ಬರಲಿಲ್ಲ.

ಬಂದದ್ದು ಅಜ್ಜಿಯ ಕೂಗು.

"ಲೋ ಮರೀ! ಬಾರೋ ಇಲ್ಲಿ! ಎಲ್ಲಿ ಹಾಳಾಗಿ ಹೋದ್ಯೋ, ಬಾರೋ!"

ಬಿದ್ದಳು ಅಂದುಕೊಂಡ. ಕೊಳದ ಕಡೆ ಓಡಿದ.

ಅಜ್ಜಿ ಬಿದ್ದಿರಲಿಲ್ಲ. ಕುರ್ಚಿಯಿಂದ ಮುಂದಕ್ಕೆ ಬಾಗಿ ನೀರಿಗೆ ಬೆರಳು ತೋರಿಸುತ್ತಿದ್ದಳು. ಕೊಳದ ಗೋಡೆಯಲ್ಲಿ, ಪಾಚಿ ಕಟ್ಟಿದ ಎರಡು ಕಲ್ಲಿನ ಸಂದಿಯಿಂದ, ನೀಲಿ ಬರುತ್ತಿತ್ತು. ಮೊದಲು ದಾರದ ಹಾಗೆ ಒಂದು ಎಳೆ. ಆಮೇಲೆ ನೂರು ಎಳೆ. ಸುರುಳಿ ಬಿಚ್ಚಿಕೊಂಡು, ಒಂದರೊಳಗೊಂದು ತೂರಿ, ಹರಡಿ, ಯಾರೋ ನೀರಿನೊಳಗೆ ರೇಷ್ಮೆಯ ಥಾನು ಕೊಡವಿದ ಹಾಗೆ. ಆ ನೀಲಿಯ ಒಳಗೆ ಮೀನುಗಳು ತೇಲುತ್ತಿದ್ದವು. ಓಡಲಿಲ್ಲ. ಬಣ್ಣ ಬಂದು ಮೈಗೆ ಸುತ್ತಿಕೊಂಡರೂ ಕದಲಲಿಲ್ಲ.

"ಆಕಾಶಾನೇ ಕೆಳಗಿಳಿದು ಬಂದಿದೆ ಕಣೋ" ಅಂದಳು ಅಜ್ಜಿ.

ಪಕ್ಕದ ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರು ಕೂತಿದ್ದರು. ಕನ್ನಡಕ ಏರಿಸಿ, "ಇಷ್ಟು ವರ್ಷ ಮಕ್ಕಳಿಗೆ ನದಿ ಎಲ್ಲಿ ಹುಟ್ಟುತ್ತೆ ಅಂತ ಹೇಳಿಕೊಟ್ಟೆ. ಇಂಥ ನದಿ ನಾನು ನೋಡಿರಲಿಲ್ಲಪ್ಪಾ" ಅಂದರು.

ಪಟಾಕಿ ಬಗ್ಗಿ ನೋಡಿದ. ಆ ಸಂದಿಯ ಒಳಗೆ ಸುಟ್ಟ ಮಣ್ಣಿನ ಹಳೇ ಪೈಪಿನ ಬಾಯಿ ಕಂಡಿತು. ಈ ಕಟ್ಟಡ ಯಾರೋ ಸಾಹುಕಾರನ ಬಂಗಲೆಯಾಗಿದ್ದ ಕಾಲದ್ದು. ಆಗ ಆ ಕೋಣೆಯಲ್ಲಿ ಹೂವು ತೊಳೆದಿರಬೇಕು, ತೊಳೆದ ನೀರು ದಂಡವಾಗದಿರಲಿ ಅಂತ ಕೊಳಕ್ಕೆ ತಿರುಗಿಸಿರಬೇಕು. ಹೂವಿನ ಕೋಣೆ ಔಷಧಿ ಕೋಣೆಯಾಯಿತು. ಪೈಪಿಗೆ ಯಾರೂ ಹೇಳಲಿಲ್ಲ.

ನಿದ್ದೆಯ ಮಾತ್ರೆ, ನೋವಿನ ಮಾತ್ರೆ, ಮನಸ್ಸಿನ ತಳಮಳ ಇಳಿಸುವ ಮಾತ್ರೆ. ಹೋದವರೆಲ್ಲರ ಉಳಿದ ನೆಮ್ಮದಿ ಈ ಮೀನುಗಳ ಮೈಯಲ್ಲಿತ್ತು.

ಅವನು ಸಿಸ್ಟರನ್ನು ಕರೆದುಕೊಂಡು ಬಂದು ತೋರಿಸಿದ. ಅವರು ನೀಲಿಯನ್ನು ನೋಡಿದರು, ಸಂದಿಯನ್ನು ನೋಡಿದರು, ಮೀನುಗಳನ್ನು ನೋಡಿದರು. ಕೊಳದ ಕಟ್ಟೆಯ ಮೇಲೆ ಕೂತರು.

"ನಿದ್ದೆ ಬರಲ್ಲ ಅಂತ ರಾತ್ರಿಯೆಲ್ಲ ಓಡಾಡ್ತಿದ್ದ ಜಡ್ಜು" ಅಂದರು ನಿಧಾನಕ್ಕೆ. "ಬೆನ್ನು ನೋವಿಗೆ ಹಲ್ಲು ಕಚ್ಚಿಕೊಂಡಿರ್ತಿದ್ದ ಅಡುಗೆಯಮ್ಮ. ಬಾಗಿಲು ಬಡಿದ್ರೆ ಬೆಚ್ಚಿ ಬೀಳ್ತಿದ್ದ ಪೋಸ್ಟ್‌ಮ್ಯಾನ್. ಹೋಗಿ ಬನ್ನಿ ಅಂದೆ. ಅವರು ಎಲ್ಲಿಗೂ ಹೋಗೇ ಇಲ್ವಲ್ಲೋ. ಇಲ್ಲೇ ಇದ್ದಾರೆ."

ಅಷ್ಟರಲ್ಲಿ ಮೇಷ್ಟ್ರು ಕೆಮ್ಮಿ, "ಸಿಸ್ಟರ್, ಮಾಲಿ ಸೊಪ್ಪಿನ ಮಡಿಗೆ ಇದೇ ನೀರು ಹೊರೋದು. ಊಟ ಆದ ಮೇಲೆ ನಾವೆಲ್ಲ ಸಾಮೂಹಿಕವಾಗಿ ಗೊರಕೆ ಹೊಡೆಯೋದು ವಯಸ್ಸಿನಿಂದ ಅಂದ್ಕೊಂಡಿದ್ದೆ" ಅಂದರು. ಸಿಸ್ಟರ್ ದಿಗ್ಗನೆ ಎದ್ದರು. ಅಳು ಬಂದಿದ್ದ ಮುಖ ಕೆಲಸದ ಮುಖವಾಯಿತು.

"ಸೊಪ್ಪು ಇವತ್ತೇ ಕಿತ್ತು ಹಾಕಿಸ್ತೀನಿ. ಇನ್ನೊಂದು ಹನಿ ಈ ಬೇಸಿನ್ನಿಗೆ ಬೀಳಲ್ಲ. ಈ ಪೈಪು ಮುಚ್ಚಬೇಕು, ಈ ನೀರು ತೆಗೆಸಬೇಕು."

"ಪೈಪನ್ನ ಚರಂಡಿಗೆ ತಿರುಗಿಸ್ಲಾ?"

"ಚರಂಡಿ ಎಲ್ಲಿಗೆ ಹೋಗುತ್ತೆ?"

"ಹೊಳೆಗೆ."

"ಹೊಳೇಲಿ ಮೀನಿಲ್ವಾ?"

ಅವನು ನಾಲಿಗೆ ಕಚ್ಚಿಕೊಂಡ. ಹಾಗೆ ಯೋಚಿಸಿಯೇ ಇರಲಿಲ್ಲ. ಅವರೂ ಇವತ್ತಿನವರೆಗೆ ಯೋಚಿಸಿರಲಿಲ್ಲ, ಅದು ಅವರ ಮುಖದಲ್ಲೇ ಬರೆದಿತ್ತು.

"ನೀರು ಬದಲಾದ್ರೆ ಮೀನು ಹೀಗೇ ಇರ್ತವಾ ಸಿಸ್ಟರ್?"

"ಹೆದರಿಕೆ ವಾಪಸ್ ಬರಬಹುದು. ಕೆಲವು ಸಾಯಲೂಬಹುದು. ನಾನು ಮನುಷ್ಯರ ನರ್ಸು ಕಣಪ್ಪಾ." ಅಜ್ಜಿಯ ಕಡೆ ನೋಡಿ ದನಿ ತಗ್ಗಿಸಿದರು. "ನನಗೂ ಇವರದೇ ಯೋಚನೆ. ಅಜ್ಜಿಗೆ ನೀನೇ ಹೇಳು."

ಅಜ್ಜಿಗೆ ಹೇಳಿದ. ಅವಳು ಕೊನೆಯ ತನಕ ಕೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಆ ಪೈಪು ಮುಟ್ಟಿದ್ರೆ ನಾನು ನಿನ್ನ ಅಜ್ಜಿ ಅಲ್ಲ."

"ಅದು ಮದ್ದಿನ ಅಮಲು ಅಜ್ಜಿ. ಅದಕ್ಕೆ ನಿನ್ನ ಮೇಲೆ ಪ್ರೀತಿ ಅಲ್ಲ."

"ನನಗೂ ಮದ್ದು ಕೊಡ್ತಾರೆ. ಹಂಗಾದ್ರೆ ನನಗೂ ನಿನ್ನ ಮೇಲೆ ಪ್ರೀತಿ ಇಲ್ವೇನೋ?"

ಅವನಿಗೆ ಕಿರುಚಬೇಕು ಅನ್ನಿಸಿತು. ಮೀನಿಗೆ, ಪೈಪಿಗೆ, ಸತ್ತ ಸಾಹುಕಾರನಿಗೆ. "ನಾನಿಲ್ಲಿ ಏನು ಕೇಳಿದೀನೋ?" ಅಂದಳು ಅಜ್ಜಿ, ಈ ಸಲ ಸಿಟ್ಟಿಲ್ಲದೆ. "ಮನೆ ಕೇಳಿದ್ನಾ? ಮಷಿನ್ ಕೇಳಿದ್ನಾ? ಇದೊಂದು ಬಿಡು ಅಂತಿದೀನಿ." ಅವನು ಪೈಪು ತಿರುಗಿಸುವ ಪಾನಾವನ್ನು ಚೀಲಕ್ಕೆ ಎಸೆದು ಮನೆಗೆ ಹೋದ. ಪೈಪಿನ ಬಾಯಿ ತೆರೆದೇ ಇತ್ತು, ಒಳಗೆ ಅಂಟಿದ್ದ ಮದ್ದು ಇನ್ನೂ ಎಷ್ಟೋ ದಿನ ಒಸರುವಷ್ಟಿತ್ತು. ನೋಡದ ಹಾಗೆ ಇರಬಹುದಿತ್ತು. ಅಜ್ಜಿ ಉಣ್ಣುತ್ತಾಳೆ, ಲೋಕ ಹಾಳಾಗಿ ಹೋಗಲಿ, ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಬೆಳಿಗ್ಗೆ ಅವನು ಬರುವ ಹೊತ್ತಿಗೆ ಅಜ್ಜಿ ಕೊಳದ ಹತ್ತಿರ ಇದ್ದಳು. ನೀಲಿ ತಿಳಿಯಾಗಿ ಮಾಯವಾಗುತ್ತಿತ್ತು. ಬ್ರೆಡ್ಡಿನ ಚೂರು ಅವಳ ಬೆರಳಲ್ಲಿ, ಗುಂಡಿ ಅವಳ ಬೆರಳ ಹತ್ತಿರ. ಅವನನ್ನು ನೋಡಿ ಮುಖ ತಿರುಗಿಸಿದಳು.

ಆಗ ಕೊಕ್ಕರೆ ಇಳಿಯಿತು.

ದಿನಾ ಬಂದು ಆಚೆ ತುದಿಯಲ್ಲಿ ಸಣ್ಣ ಮೀನು ಹೆಕ್ಕಿ ಹೋಗುವ ಕೊಕ್ಕರೆಯೇ ಅದು. ಬೇರೆ ಕಡೆ ಕೊಕ್ಕರೆ ಒಂಟಿ ಕಾಲಲ್ಲಿ ತಪಸ್ಸು ಮಾಡಬೇಕು, ಹೆಜ್ಜೆ ಕದ್ದು ಇಡಬೇಕು. ಇದು ಬಿಟ್ಟಿ ಊಟಕ್ಕೆ ಕೂತ ನೆಂಟನ ಹಾಗೆ ನೀರಿಗಿಳಿದು, ಕಾಲು ಎತ್ತಿ ಹಾಕುತ್ತಾ ನಡೆದು ಬಂತು. ಅದರ ನೆರಳು ಗುಂಡಿಯ ಮೇಲೆ ಬಿತ್ತು. ಗುಂಡಿ ತಿರುಗಿ, ಆ ನೆರಳಿನ ಕೆಳಗೆ ಹೋಗಿ, ಮೇಲೆ ನೋಡಿತು. ಯಾರಪ್ಪಾ ಬಂದಿದ್ದು ಅಂತ ವಿಚಾರಿಸುವ ಹಾಗೆ.

"ಹೋಗೇ" ಅಂದಳು ಅಜ್ಜಿ. "ಓಡೇ! ಏಯ್, ಓಡೇ ಮಂಕೇ, ಓಡು!"

ನೀರನ್ನು ಕೈಯಿಂದ ಬಡಿದಳು. ಗುಂಡಿ ಆ ಸದ್ದಿಗೂ ಬೆಚ್ಚಲಿಲ್ಲ. ಕೊಕ್ಕರೆ ಅವಸರ ಮಾಡಲಿಲ್ಲ. ಕತ್ತು ಬಗ್ಗಿಸಿ, ಬುಟ್ಟಿಯಿಂದ ಹಣ್ಣು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡಿತು. ಕೊಕ್ಕಿನ ನಡುವೆಯೂ ಗುಂಡಿ ಒದ್ದಾಡಲಿಲ್ಲ. ಪಕ್ಕದಲ್ಲಿದ್ದ ಮೀನುಗಳು ಆ ಕೊಕ್ಕರೆಯ ಕಾಲಿಗೆ ಮೈ ಉಜ್ಜುತ್ತಾ ತೇಲುತ್ತಿದ್ದವು.

ಪಟಾಕಿ ಕಲ್ಲು ಬೀಸಿದ. ಕೊಕ್ಕರೆ ಹಾರಿತು. ಗುಂಡಿಯೂ ಅದರೊಂದಿಗೆ.

ಅಜ್ಜಿಯ ಕೈ ನೀರಿನಲ್ಲೇ ಇತ್ತು. ಉಳಿದ ಮೀನುಗಳು ಏನೂ ಆಗಿಲ್ಲ ಅನ್ನುವ ಹಾಗೆ ಬಂದು ಅವಳ ಬೆರಳಿಗೆ ಬಾಯಿ ಹಚ್ಚಿದವು. ಅವಳು ಕೈಯನ್ನು ಬೆಂಕಿಯಿಂದ ಎಳೆದುಕೊಂಡಂತೆ ಎಳೆದುಕೊಂಡಳು. ಬಹಳ ಹೊತ್ತು ಅವುಗಳನ್ನು ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ. ತಾನು ಹೊಲಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ತಪ್ಪು ಹೊಲಿಗೆ ಕಂಡಾಗ ಅವಳು ನೋಡುತ್ತಿದ್ದ ರೀತಿ ಅದು.

"ಮುಚ್ಚೋ ಆ ಪೈಪು" ಅಂದಳು.

ಮುಚ್ಚಿದ. ಮಣ್ಣಿನ ಪೈಪನ್ನು ಎರಡೂ ಕಡೆ ಕತ್ತರಿಸಿ, ಒಳಗೆ ಗಾರೆ ತುಂಬಿ, ಮೇಲೆ ಮುಚ್ಚಳ ಕೂರಿಸಿ, ಜನ್ಮದಲ್ಲಿ ಬಿಚ್ಚಲಾಗದ ಹಾಗೆ ಮುಚ್ಚಿದ. ಪೈಪಿನಿಂದ ತೆಗೆದ ಮುದ್ದೆಯನ್ನು ಸಿಸ್ಟರ್ ಡಬ್ಬಿಗೆ ತುಂಬಿ ಬೀಗ ಹಾಕಿದರು. ನಾಲ್ಕು ಕಡೆ ಫೋನು ಮಾಡಿ, ನಾಲ್ಕು ಕಡೆಯೂ ಜಗಳವಾಡಿ, ಕೊನೆಗೆ ಆಸ್ಪತ್ರೆಯ ಕೊಳೆ ಒಯ್ದು ದೊಡ್ಡ ಕುಲುಮೆಯಲ್ಲಿ ಸುಡುವವರ ಟ್ಯಾಂಕರ್ ಲಾರಿ ತರಿಸಿದರು. ನೀರು ಹೀರುವ ಮೊದಲು ಮೀನುಗಳನ್ನು ತೊಟ್ಟಿಗಳಿಗೆ ಸಾಗಿಸಬೇಕಿತ್ತು.

"ಬಲೆ ತರ್ಲಾ?" ಅಂದ ಪಟಾಕಿ.

"ಬಲೆ ಯಾಕೋ ದಡ್ಡಾ?" ಅಂದಳು ಅಜ್ಜಿ.

ಆಮೇಲೆ ನಡೆದದ್ದನ್ನು ಪಟಾಕಿ ಯಾರ ಮುಂದೆ ಹೇಳಿದರೂ ದನಿ ತಗ್ಗಿಸಿಯೇ ಹೇಳುತ್ತಿದ್ದ. ಒಳಗಿದ್ದವರೆಲ್ಲ ಹೊರಗೆ ಬಂದರು. ಕೋಲು ಊರಿಕೊಂಡವರು, ಕುರ್ಚಿಯಲ್ಲಿ ತಳ್ಳಿಸಿಕೊಂಡವರು, ತಮ್ಮ ಮಕ್ಕಳ ಹೆಸರೇ ಮರೆತವರು. ಕಟ್ಟೆಯ ಸುತ್ತ ಕೂತು ನೀರಿಗೆ ಕೈ ಇಳಿಸಿದರು. ಸುಕ್ಕುಗಟ್ಟಿದ, ನಡುಗುವ, ಸೂಜಿ ಚುಚ್ಚಿ ನೀಲಿಗಟ್ಟಿದ ಕೈಗಳು. ಒಂದೊಂದು ಅಂಗೈಯೊಳಗೂ ಒಂದೊಂದು ಮೀನು ತಾನಾಗಿ ಬಂದು ಮಲಗಿತು. ಅವರು ಎತ್ತಿದರು. ಗಾಳಿಗೆ ಬಂದರೂ ಮೀನು ಒದ್ದಾಡಲಿಲ್ಲ. ಸದಾ ನಡುಗುತ್ತಿದ್ದ ಮೇಷ್ಟ್ರ ಕೈ, ಕೊಳದಿಂದ ತೊಟ್ಟಿಯವರೆಗೆ, ಒಮ್ಮೆಯೂ ನಡುಗಲಿಲ್ಲ. ಲಾರಿಯ ಡ್ರೈವರ್ ಬೀಡಿ ಹಚ್ಚಲು ಹೋದವನು ಕಡ್ಡಿ ಆರಿಸಿ ಜೇಬಿಗೆ ಹಾಕಿಕೊಂಡ. ಸಿಸ್ಟರ್ ಒಂದು ಮೀನನ್ನು ಎತ್ತಿ, ತೊಟ್ಟಿಗೆ ಬಿಡುವ ಮೊದಲು, ಅದರ ಹತ್ತಿರ ಬಾಗಿ ಏನೋ ಹೇಳಿದರು. ಯಾರದೋ ಹೆಸರು ಇರಬೇಕು.

ಹೊಸ ನೀರು ಬಂತು. ಮೀನು ಕೊಳಕ್ಕೆ ಮರಳಿದವು. ಕೆಲವು ಸತ್ತು ತೇಲಿದವು. ಉಳಿದವು ತಳದ ಕಲ್ಲಿನ ಕೆಳಗೆ ಸೇರಿಕೊಂಡವು.

ಔಷಧಿ ಕೋಣೆಯ ಗೋಡೆಗೆ ಪಟಾಕಿಯೇ ಒಂದು ಕಬ್ಬಿಣದ ಪೆಟ್ಟಿಗೆ ಬೋಲ್ಟು ಹಾಕಿ ಕೂರಿಸಿದ. ಮೇಲೆ ಸಣ್ಣ ಸಂದಿ, ಹಾಕಬಹುದು, ಕೈ ಹಾಕಿ ತೆಗೆಯಲಾಗದು. ಎರಡು ಬೀಗ, ಎರಡು ಕೀಲಿಕೈ, ಇಬ್ಬರ ಹತ್ತಿರ. ಔಷಧಿ ಹಾಕುವಾಗ ಇಬ್ಬರು ನಿಲ್ಲಬೇಕು. ನೋವಿನ ಪಟ್ಟಿಯನ್ನು ಅಂಟಿನ ಕಡೆ ಒಳಗಾಗುವಂತೆ ಮಡಿಸಿ ಹಾಕಬೇಕು. ಪೆಟ್ಟಿಗೆ ತುಂಬುವ ಮೊದಲೇ ಔಷಧಿ ಅಂಗಡಿಯ ಗಾಡಿ ಬಂದು ಸುಡಲು ಒಯ್ಯುತ್ತದೆ. "ಸುಮ್ಮನೆ ಹಾಕಿಬಿಡ್ತೀರಾ ಸಿಸ್ಟರ್?" ಅಂತ ಅವನು ಒಮ್ಮೆ ಕೇಳಿದ. "ಹೆಸರು ಹೇಳದೆ ಹಾಕಿದ್ರೆ ನನ್ನ ಕೈ ಬಿದ್ದುಹೋಗಲ್ವೇನೋ?" ಅಂದರು ಅವರು.

ಇಷ್ಟೆಲ್ಲ ಸರಿಹೋಯಿತು. ಅಜ್ಜಿಯ ಗಂಜಿ ಮಾತ್ರ ಬಟ್ಟಲಲ್ಲೇ ಆರುತ್ತಿತ್ತು.

ಅವಳು ಬಯ್ಯಲಿಲ್ಲ, ದೂರಲಿಲ್ಲ. ಗೋಡೆಗೂ ಮುಖ ಮಾಡಲಿಲ್ಲ. ಎರಡು ಚಮಚ ತಿಂದು, "ಸಾಕು ಮರಿ" ಅನ್ನುತ್ತಿದ್ದಳು. ಆ ಮೆತ್ತನೆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಕೆನ್ನೆ ಮತ್ತೆ ಇಳಿಯಿತು. ಕೊಳದ ಹತ್ತಿರ ಹೋಗೋಣ ಅಂದರೆ ತಲೆ ಅಲ್ಲಾಡಿಸುತ್ತಿದ್ದಳು. ತಾನೇ ತನ್ನ ಕೈಯಾರೆ ಅಜ್ಜಿಯ ಬಾಯಿ ಹೊಲಿದೆ ಅಂತ ಪಟಾಕಿ ಒಳಗೊಳಗೇ ಬೇಯುತ್ತಿದ್ದ. ಒಂದು ದಿನ ತಡೆಯಲಾರದೆ, ಕೇಳದೆ ಹೇಳದೆ, ಕುರ್ಚಿಯನ್ನು ಹೊರಗೆ ತಳ್ಳಿಕೊಂಡು ಹೋದ. ಗಂಜಿಯ ಬಟ್ಟಲು, ಬ್ರೆಡ್ಡು ಹಿಡಿದು ಆಯಾ ಹಿಂದೆಯೇ ಬಂದಳು.

"ಎಲ್ಲಿಗೋ? ಬೇಡ ಅಂದ್ನಲ್ಲ. ಈಗ ಅಲ್ಲೇನಿದೆ?"

"ನೀರಿದೆ. ಸುಮ್ಮನೆ ಕೂತ್ಕೋ."

ನೀರು ತಿಳಿಯಾಗಿತ್ತು. ತಳದ ಕಲ್ಲು, ಕಲ್ಲಿನ ಮೇಲಿನ ಪಾಚಿಯ ಕೂದಲು, ಎಲ್ಲ ಕಾಣುತ್ತಿತ್ತು. ನಡುವೆ ಮೀನುಗಳ ಒಂದು ಗುಂಪು, ಎಲ್ಲವೂ ಒಂದೇ ದಿಕ್ಕಿಗೆ ತಲೆ ಹಾಕಿ, ನಿಂತಲ್ಲೇ ಬಾಲ ಆಡಿಸುತ್ತಿದ್ದವು. ಮೊದಲಿನ ಹಾಗೆ ಸೋಮಾರಿಯಾಗಿ ತೇಲುತ್ತಿರಲಿಲ್ಲ. ಮೈಯೆಲ್ಲ ಕಿವಿಯಾದ ಹಾಗಿತ್ತು.

ಅಜ್ಜಿ ಅರೆಮನಸ್ಸಿನಿಂದ ಕೈ ಚಾಚಿದಳು. ಅವಳ ಕೈಯ ನೆರಳು ನೀರಿನ ಮೇಲೆ ಬಿತ್ತು. ಅಷ್ಟೇ.

ಕೊಳ ಸಿಡಿಯಿತು. ಅಷ್ಟೂ ಮೀನು ಒಂದೇ ಕ್ಷಣದಲ್ಲಿ, ಒಂದೇ ಮನಸ್ಸಿನಲ್ಲಿ ತಿರುಗಿದವು. ಬೆಳ್ಳಿಯ ಹೊಟ್ಟೆಗಳು ಮಿಂಚಿದವು. ಇಡೀ ನೀರು ಕನ್ನಡಿ ಒಡೆದ ಹಾಗೆ ಚೂರು ಚೂರಾಗಿ ಹೊಳೆದು, ಮರುಕ್ಷಣ ಖಾಲಿ. ಒಂದೂ ಇಲ್ಲ. ಕಲ್ಲಿನ ಸಂದಿಯಿಂದ ಎದ್ದ ಕೆಸರಿನ ಸಣ್ಣ ಮೋಡವಷ್ಟೇ ನಿಧಾನಕ್ಕೆ ಕೂರುತ್ತಿತ್ತು.

ಮುಗಿಯಿತು ಅಂದುಕೊಂಡ ಪಟಾಕಿ. ಅಜ್ಜಿಯ ಮುಖ ನೋಡಲು ಧೈರ್ಯ ಬರಲಿಲ್ಲ.

"ಅಬ್ಬಾ!" ಅಂದಳು ಅಜ್ಜಿ.

ಅವನು ನೋಡಿದ. ಅವಳ ಬಾಯಿ ತೆರೆದಿತ್ತು. ಕಣ್ಣು ಇಷ್ಟಗಲ. ನೀಲಿ ಬಂದ ದಿನವೂ ಅವು ಇಷ್ಟು ಹೊಳೆದಿರಲಿಲ್ಲ.

"ನೋಡಿದ್ಯೇನೋ? ನನ್ನ ನೋಡಿ ಓಡಿದ್ವು ಕಣೋ! ಏಳಕ್ಕಾಗದ ಈ ಮುದುಕಿಗೆ ಹೆದರಿ ಓಡಿದ್ವು! ಏನು ಜೀವ ಅದು, ಏನು ಜೀವ! ಇಷ್ಟು ದಿನ ಎಲ್ಲಿಟ್ಟುಕೊಂಡಿದ್ವೋ ಅದನ್ನ?"

ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮಡಿಲಲ್ಲಿಟ್ಟುಕೊಂಡು ಕಾದಳು. ಕೆಸರು ಕೂತಿತು. ಬಹಳ ಹೊತ್ತಿನ ಮೇಲೆ ಕಲ್ಲಿನ ಕೆಳಗಿನಿಂದ ಒಂದು ಮೂತಿ ಹೊರಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು.

"ಕಳ್ಳಿ" ಅಂದಳು ಅಜ್ಜಿ ಪಿಸುಮಾತಿನಲ್ಲಿ. "ನನ್ನನ್ನ ಪರೀಕ್ಷೆ ಮಾಡ್ತಾಳೆ. ಮಾಡಲಿ. ನಾನೂ ಬಿಡಲ್ಲ. ಇವತ್ತು ಬರಲ್ಲ, ನಾಳೆನೂ ಬರಲ್ಲ. ಬರ್ತಾಳೆ, ಬರೋವಾಗ ತಿಳಿದೇ ಬರ್ತಾಳೆ." ಬ್ರೆಡ್ಡಿನ ಒಂದು ಚೂರನ್ನು ಚಿವುಟಿ, ದೂರಕ್ಕೆ, ಸದ್ದಾಗದ ಹಾಗೆ ನೀರಿಗೆ ಬಿಟ್ಟಳು. ಆಮೇಲೆ ಆಯಾಳ ಕಡೆ ತಿರುಗಿ ಎಡಗೈ ಚಾಚಿದಳು.

"ಆ ಗಂಜಿ ಇಲ್ಲೇ ಕೊಡಮ್ಮಾ. ಹೊತ್ತಾಗುತ್ತೆ ನನಗೆ."

ಪಟಾಕಿಗೆ ಏನೋ ಹೇಳಬೇಕೆನಿಸಿತು. ಮುಂದಕ್ಕೆ ಬಾಗಿದ.

"ಶ್! ಅಲ್ಲಾಡಬೇಡ ಮರಿ. ನಿನ್ನ ನೆರಳು ಬೀಳ್ತಿದೆ."

ಹುಟ್ಟಿದಾಗಿನಿಂದ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲದ ಪಟಾಕಿ, ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು ಕೂತ. ಪಕ್ಕದಲ್ಲಿ ಚಮಚ ಬಟ್ಟಲಿಗೆ ತಾಗುವ ಸದ್ದು. ಕಲ್ಲಿನ ಕೆಳಗೆ ಆ ಮೂತಿ, ಹೆದರಿಕೊಂಡು, ಅವರಿಬ್ಬರನ್ನೇ ನೋಡುತ್ತಿತ್ತು.